ಲೈನ್ ಮನೆಗೆ ಯಾವ ಕಲಂ?

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಕೇಂದ್ರ ಆಲ್ದೂರು. ಸುತ್ತಲೂ ಕಾಫಿ ತೋಟಗಳು. ರಸ್ತೆಯಿಂದ ತುಸು ಒಳಗೆ, ಸಿಲ್ವರ್ ಓಕ್ ಮರಗಳ ಸಾಲು ದಾಟಿ ನೋಡಿದರೆ, ಒಂದೇ ಉದ್ದನೆಯ ಸೂರಿನ ಕೆಳಗೆ ನಾಲ್ಕೋ ಆರೋ ಎಂಟೋ ಬಾಗಿಲುಗಳಿರುವ ಕಟ್ಟಡಗಳು ಕಾಣುತ್ತವೆ. ಬಾಗಿಲಿಗೊಂದು ಸಂಸಾರ. ಇವಕ್ಕೆ ಇಲ್ಲಿನವರು ‘ಲೈನು’ ಎನ್ನುತ್ತಾರೆ. ಮೂಡಿಗೆರೆಯಲ್ಲೂ ಅದೇ ಹೆಸರು, ಕಳಸದಲ್ಲೂ ಅದೇ ಹೆಸರು. ಒಂದೊಂದು ಲೈನಿನಲ್ಲಿ ಮೂರು ತಲೆಮಾರಿನ ಜನ ಹುಟ್ಟಿದ್ದಾರೆ, ಮದುವೆಯಾಗಿದ್ದಾರೆ, ಸತ್ತಿದ್ದಾರೆ. ಆದರೆ ಆ ಮನೆಯನ್ನು ತೋರಿಸಿ ಸಾಲ ಕೇಳಲು ಅವರಲ್ಲಿ ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತಿಲ್ಲ. ಹತ್ತಿದ್ದರೂ ಪ್ರಯೋಜನವಿರಲಿಲ್ಲ.

ಯಾಕೆ? ಮನೆ ಕಳಪೆ ಎಂದೇ? ಅಲ್ಲ. ಎಷ್ಟೋ ಲೈನುಗಳು ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಗಟ್ಟಿ ಕಟ್ಟಡಗಳೇ. ಬ್ಯಾಂಕಿಗೆ ಬೇಕಾದದ್ದು ಗೋಡೆಯಲ್ಲ, ಕಾಗದ. ಮನೆಯನ್ನು ದಾಖಲೆಯಲ್ಲಿ ಯಾವ ಹೆಸರಿನಿಂದ ಕರೆಯಲಾಗಿದೆ, ಯಾವ ಕಲಮಿನಡಿ ಸೇರಿಸಲಾಗಿದೆ ಎಂಬುದರ ಮೇಲೆ ಸಾಲ ನಿಂತಿದೆ. ಇದನ್ನು ಕಚೇರಿಯ ಗುಮಾಸ್ತರ ವ್ಯವಹಾರ ಎಂದು ನಾವು ಬದಿಗೆ ಸರಿಸುತ್ತೇವೆ. ಆದರೆ ಕಾಫಿ ನಾಡಿನ ಇತಿಹಾಸವನ್ನು ನೋಡಿದರೆ, ಮನೆಯ ವರ್ಗೀಕರಣ ಎಂಬುದು ಮನುಷ್ಯರ ವರ್ಗೀಕರಣವೂ ಆಗಿತ್ತು ಎಂಬುದು ತಿಳಿಯುತ್ತದೆ.

ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜಗಳನ್ನು ತಂದರೆಂಬ ಕಥೆ ನಮಗೆಲ್ಲ ಗೊತ್ತು. ಆದರೆ ಕಾಫಿ ಹಿತ್ತಿಲ ಗಿಡವಾಗಿದ್ದಾಗ ಲೈನು ಇರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಬಂದು ನೂರಾರು ಎಕರೆ ಕಾಡು ಕಡಿದು ತೋಟ ಎಬ್ಬಿಸತೊಡಗಿದಾಗ ಲೈನು ಬಂತು. 1850ರ ದಶಕದಲ್ಲಿ ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಅಷ್ಟು ಹೊತ್ತಿಗೆ ಪ್ಲಾಂಟರ್ ಎಂಬುದೇ ಒಂದು ಜಾತಿಯಾಗಿತ್ತು. 1893ರಲ್ಲಿ ದಕ್ಷಿಣ ಭಾರತದ ಪ್ಲಾಂಟರುಗಳು ತಮ್ಮದೇ ಸಂಘವನ್ನೂ ಕಟ್ಟಿಕೊಂಡರು. ಅಷ್ಟು ದೊಡ್ಡ ತೋಟಗಳಿಗೆ ಸುತ್ತಲಿನ ಹಳ್ಳಿಗಳ ಆಳುಗಳು ಸಾಲುತ್ತಿರಲಿಲ್ಲ. ಘಟ್ಟದ ಕೆಳಗಿನಿಂದ ತುಳುವರು, ಬ್ಯಾರಿಗಳು, ಮಾಪಿಳ್ಳೆಗಳು ಬಂದರು. ಮೂಡಣದ ಬಯಲುಸೀಮೆಯಿಂದ ಬಂದವರೂ ಇದ್ದರು, ತಮಿಳು ನಾಡಿನಿಂದ ಬಂದವರೂ ಇದ್ದರು. ಅವರನ್ನು ಕರೆತರುವವನು ಮೇಸ್ತ್ರಿ. ಕರೆತರುವ ಸಾಧನ ಮುಂಗಡ.

ಈ ಮುಂಗಡವನ್ನು ಸ್ವಲ್ಪ ನಿಂತು ನೋಡಬೇಕು. ಅದು ಕಾಫಿ ನಾಡಿನ ಬಡವನಿಗೆ ಸಿಕ್ಕ ಮೊದಲ ‘ಸಾಲ’. ಸಾಲಕ್ಕೆ ಒತ್ತೆ ಬೇಕು. ಮನೆಯಿಲ್ಲದ, ನೆಲವಿಲ್ಲದ ಮನುಷ್ಯ ಒತ್ತೆಯಾಗಿ ಏನನ್ನು ಇಡಬಲ್ಲ? ತನ್ನ ದುಡಿಮೆಯನ್ನು ಇಟ್ಟ. 1859ರ ಕೆಲಸಗಾರರ ಕರಾರು ಭಂಗದ ಕಾಯ್ದೆ ಈ ಒತ್ತೆಗೆ ಪೊಲೀಸಿನ ಬಲ ಕೊಟ್ಟಿತು. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಬಹುದಿತ್ತು. ಬೇರೆ ಸಾಲಗಾರ ಸಾಲ ತೀರಿಸದಿದ್ದರೆ ಅದು ಸಿವಿಲ್ ವ್ಯಾಜ್ಯ. ಕೂಲಿಯವನು ತೀರಿಸದಿದ್ದರೆ ಅಪರಾಧ. 1925ರಲ್ಲಿ ಆ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನವಾಯಿತು. ಜೀತ ಪದ್ಧತಿಯನ್ನು ಇಡೀ ದೇಶದಲ್ಲಿ ಕಾನೂನಿನ ಮೂಲಕ ನಿಷೇಧಿಸಲು ಮತ್ತೆ ಐವತ್ತು ವರ್ಷ, ಅಂದರೆ 1976ರ ತನಕ, ಕಾಯಬೇಕಾಯಿತು.

ಇನ್ನು ಆ ಮನೆಯ ಕಥೆ. ಮೊದಮೊದಲಿನ ಲೈನುಗಳು ಮಣ್ಣು, ಬಿದಿರು, ಹುಲ್ಲಿನವು. ಕೊಯ್ಲು ಮುಗಿಸಿ ಇಳಿದು ಹೋಗುವ ಆಳಿಗೆ ಅಷ್ಟು ಸಾಕು ಎಂಬ ಲೆಕ್ಕ. ಆದರೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದರು. ಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಟ್ಟ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಹೆಂಚು ಅದು. ಕುಂಬಾರರು ತಿಗರಿಯಲ್ಲಿ ಮಾಡುತ್ತಿದ್ದ ನಾಡಹೆಂಚಿಗಿಂತ ಮಲೆನಾಡಿನ ಮಳೆಗೆ ಇದು ಚೆನ್ನಾಗಿ ತಡೆಯಿತು. ಘಟ್ಟ ಹತ್ತಿ ಬಂದ ಈ ಹೆಂಚು ಮೊದಲು ಬಂಗಲೆಗೆ, ಆಮೇಲೆ ಕಾಫಿ ಗೋದಾಮಿಗೆ, ಕೊನೆಗೆ ಲೈನಿಗೆ ಬಂತು. ಹಿಂದೆಯೇ ಕಬ್ಬಿಣದ ತಗಡು ಬಂತು, ಆಮೇಲೆ ಸಿಮೆಂಟ್ ಶೀಟು ಬಂತು. ಹೀಗೆ ಕಾರ್ಖಾನೆಯಲ್ಲಿ ತಯಾರಾದ ಮನೆ ನಮ್ಮ ಮಲೆನಾಡಿಗೆ ಬಂದದ್ದು ಪೂರ್ತಿಯಾಗಿ ಅಲ್ಲ, ತುಂಡು ತುಂಡಾಗಿ. ಮೊದಲು ಬಂದದ್ದು ಅದರ ತಲೆ.

ಇಡೀ ಮನೆಯನ್ನೇ ಕಾರ್ಖಾನೆಯಲ್ಲಿ ಮಾಡುವ ಪ್ರಯತ್ನವೂ ಈ ದೇಶದಲ್ಲಿ ನಡೆಯಿತು. ಅದರ ಒಂದು ಎಳೆ ಮೈಸೂರಿಗೆ ಸೇರಿದೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ದೇಶ ವಿಭಜನೆಯಾಗಿ ನಿರಾಶ್ರಿತರು ದೆಹಲಿಗೆ ನುಗ್ಗಿದಾಗ, 1948ರಲ್ಲಿ, ಭಾರತ ಸರ್ಕಾರ ಅವರನ್ನು ವಸತಿ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ದೆಹಲಿಯಲ್ಲಿ ಮನೆ ತಯಾರಿಸುವ ಸರ್ಕಾರಿ ಕಾರ್ಖಾನೆಯೊಂದು ಎದ್ದಿತು. ಹಗುರ ಕಾಂಕ್ರೀಟಿನ ಫಲಕಗಳನ್ನು ಎರಕ ಹೊಯ್ದು, ಸಾಗಿಸಿ, ಜೋಡಿಸಿದರೆ ಮನೆ ಸಿದ್ಧ ಎಂಬ ಕನಸು. ಫಲಕಗಳು ಬಿರುಕು ಬಿಟ್ಟವು. ಕನಸೂ ಬಿರುಕು ಬಿಟ್ಟಿತು. ಕೋನಿಗ್ಸ್‌ಬರ್ಗರ್ 1951ರಲ್ಲಿ ಲಂಡನ್ನಿಗೆ ಹೋದರು. ಆ ಕಾರ್ಖಾನೆ ಮುಂದೆ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿಯಾಗಿ, ಆಮೇಲೆ ಹಿಂದೂಸ್ತಾನ್ ಪ್ರಿಫ್ಯಾಬ್ ಆಗಿ ಬೇರೆ ಕೆಲಸಗಳಲ್ಲಿ ಉಳಿಯಿತು. ಸ್ವಾತಂತ್ರ್ಯದ ಆ ಮೊದಲ ವರ್ಷಗಳಲ್ಲಿ ವಸತಿ ಎಂದೊಡನೆ ಸರ್ಕಾರದ ಮುಂದೆ ನಿಂತದ್ದು ಮನೆಯನ್ನು ಯಾವುದರಿಂದ, ಎಷ್ಟು ಬೇಗ ಕಟ್ಟುವುದು ಎಂಬ ಪ್ರಶ್ನೆ. ಕಟ್ಟಿದ ಮನೆ ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆ ತೋಟದ ಮಟ್ಟಿಗಂತೂ ಹುಟ್ಟಲೇ ಇಲ್ಲ.

ಅದೇ 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. 1954ರ ಏಪ್ರಿಲ್ 1ರಿಂದ ಜಾರಿಯಾಯಿತು. ತೋಟದಲ್ಲಿ ವಾಸಿಸುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಮನೆ ಒದಗಿಸಿ, ಅದನ್ನು ದುರಸ್ತಿಯಲ್ಲಿಡುವುದು ಮಾಲೀಕನ ಕರ್ತವ್ಯ ಎಂದು ಅದರ 15ನೇ ಕಲಂ ಹೇಳಿತು. ಇದು ಸಣ್ಣ ಮಾತಲ್ಲ. ಹುಲ್ಲಿನ ಗುಡಿಸಲುಗಳು ಹೆಂಚಿನ ಲೈನುಗಳಾಗಲು ಈ ಕಲಂ ದೊಡ್ಡ ಕಾರಣ. ಆದರೆ ಕಾಯ್ದೆ ಅನ್ವಯಿಸುತ್ತಿದ್ದದ್ದು 25 ಎಕರೆಗೆ ಕಡಿಮೆಯಿಲ್ಲದ, 30 ಜನ ಕೆಲಸ ಮಾಡುವ ತೋಟಗಳಿಗೆ. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರು, 15 ಜನಕ್ಕೆ ಇಳಿಸಿತು. ಅದಕ್ಕಿಂತ ಸಣ್ಣ ತೋಟಗಳ ಆಳುಗಳು ಹೊರಗೇ ಉಳಿದರು. ನಮ್ಮ ಜಿಲ್ಲೆಯಲ್ಲಿ ಸಣ್ಣ ಬೆಳೆಗಾರರೇ ಹೆಚ್ಚು.

ಇನ್ನೊಂದು ಮಾತು. ಮನೆಯ ಪಕ್ಕದಲ್ಲಿ ತರಕಾರಿ ಬೆಳೆಯಲು ಒಂದು ತುಂಡು ಜಾಗ ಕೊಡುವ ಬಗ್ಗೆ ನಿಯಮ ಮಾಡಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ. ಅದೇ ಉಸಿರಿನಲ್ಲಿ, ಕಾರ್ಮಿಕನನ್ನೂ ಅವನ ಕುಟುಂಬವನ್ನೂ ಮನೆಯಿಂದ ತೆರವು ಮಾಡಿಸುವ ಬಗ್ಗೆಯೂ ನಿಯಮ ಮಾಡಬಹುದು ಎನ್ನುತ್ತದೆ. 1981ರ ತಿದ್ದುಪಡಿ ಮತ್ತೂ ಒಂದನ್ನು ಸೇರಿಸಿತು: ಲೈನ್ ಮನೆ ಕುಸಿದು ಯಾರಾದರೂ ಸತ್ತರೆ, ಗಾಯಗೊಂಡರೆ, ವಾಸಿಸುವವರ ತಪ್ಪಾಗಲಿ ಪ್ರಕೃತಿ ವಿಕೋಪವಾಗಲಿ ಅದಕ್ಕೆ ಕಾರಣವಲ್ಲದಿದ್ದರೆ, ಮಾಲೀಕ ಪರಿಹಾರ ಕೊಡಬೇಕು. ಒಳ್ಳೆಯ ಕಲಂ. ಆದರೆ ಯೋಚಿಸಿ: ಮನೆ ಬಿದ್ದಾಗ ಅದರಲ್ಲಿದ್ದವನಿಗೆ ಹಕ್ಕು ಹುಟ್ಟುತ್ತದೆ, ಮನೆ ನಿಂತಿರುವಾಗ ಅವನಿಗಿರುವುದು ಇರಲು ಅನುಮತಿ ಮಾತ್ರ.

1956ರಲ್ಲಿ ಕೇಂದ್ರ ಸರ್ಕಾರ ತೋಟ ಕಾರ್ಮಿಕರ ವಸತಿಗಾಗಿಯೇ ಒಂದು ಸಾಲ ಯೋಜನೆ ತಂದಿತು. ಹೆಸರು ಕಾರ್ಮಿಕರದು, ಸಾಲ ಪಡೆಯುವವನು ಪ್ಲಾಂಟರ್. ವಸತಿ ಸಾಲದ ಪುಸ್ತಕದಲ್ಲಿ ಸಾಲಗಾರನ ಕಾಲಮಿನಲ್ಲಿ ತೋಟದ ಹೆಸರು ಬಂತು. ವಾಸಿಸುವವನ ಹೆಸರಿಗೆ ಕಾಲಮೇ ಇರಲಿಲ್ಲ.

ಕಾಲಮು ಬರಬಹುದಾಗಿದ್ದ ಒಂದು ಗಳಿಗೆ ಇತ್ತು. ಅದು 1970ರ ದಶಕ. ದೇವರಾಜ ಅರಸರು ‘ಉಳುವವನೇ ಹೊಲದೊಡೆಯ’ ಎಂದು ಭೂಸುಧಾರಣೆ ತಂದ ಕಾಲ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಅವರ ಸರ್ಕಾರ ಮಾಡಿದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಅದೇ ಕಾಯ್ದೆಯ 38ನೇ ಕಲಮಿನ ಬಗ್ಗೆ ಬರೆದವರು ಕಡಿಮೆ. ಬೇರೆಯವರ ನೆಲದಲ್ಲಿ ಮನೆ ಮಾಡಿಕೊಂಡು ವಾಸವಾಗಿರುವ ಕೃಷಿ ಕೂಲಿಕಾರನಿಗೆ ಆ ಮನೆ, ಅದರ ಅಡಿಯ ನಿವೇಶನ, ಅದಕ್ಕೆ ಹೊಂದಿಕೊಂಡ ಜಾಗ ಇವುಗಳ ಮಾಲೀಕನಾಗಿ ನೋಂದಾಯಿಸಿಕೊಳ್ಳುವ ಹಕ್ಕನ್ನು ಆ ಕಲಂ ಕೊಡುತ್ತದೆ. ಬಯಲುಸೀಮೆಯ, ಕರಾವಳಿಯ ಕೂಲಿಕಾರನಿಗೆ ಇದು ಬಾಗಿಲು ತೆರೆಯಿತು.

ಆದರೆ ಅದೇ ಪುಸ್ತಕದಲ್ಲಿ ಕೆಲವು ಪುಟ ಮುಂದೆ 104ನೇ ಕಲಂ ಇದೆ. ಪ್ಲಾಂಟೇಶನ್‌ಗಳಿಗೆ ಈ ಕಾಯ್ದೆಯ ಕೆಲವು ಕಲಂಗಳು ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ಪಟ್ಟಿಯಲ್ಲಿ ಭೂಮಿತಿಯ 63ನೇ ಕಲಂ ಇದೆ. ಕಾಫಿ ತೋಟಗಳಿಗೆ ಭೂಮಿತಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಪಟ್ಟಿಯ ತಲೆಯಲ್ಲಿರುವುದು 38. ಅಂದರೆ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಬೆಳೆಯುವ ನೆಲದ ಮೇಲೆ ಕೂಲಿಕಾರನ ಮನೆ ಅವನದಾಗುವುದಿಲ್ಲ. ಅಡಿಕೆ ಅಥವಾ ಗದ್ದೆ ಕೆಲಸದ ಆಳು ಒಡೆಯನ ನೆಲದಲ್ಲಿದ್ದರೆ ಅವನ ಗುಡಿಸಲು ಒಂದು ವರ್ಗ. ಬೇಲಿಯಾಚೆ ಕಾಫಿ ಹಣ್ಣು ಕೊಯ್ಯುವವಳ ಹೆಂಚಿನ ಮನೆ ಇನ್ನೊಂದು ವರ್ಗ. ಬೇಲಿಯ ಎರಡು ಕಡೆ ಬಡತನ ಒಂದೇ, ಮಳೆ ಒಂದೇ. ಬೆಳೆ ಮಾತ್ರ ಬೇರೆ.

ಈ ವ್ಯತ್ಯಾಸ ಬ್ಯಾಂಕಿನ ಮೇಜಿನ ಮೇಲೆ ಏನಾಗುತ್ತದೆ? ಉರ್ದು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಕನ್ನಡದಲ್ಲಿ ‘ಜಮೀನು’ ಮತ್ತು ‘ಜಾಮೀನು’ ಎಂಬ ಎರಡು ಮಾತುಗಳ ನಡುವೆ ಒಂದು ದೀರ್ಘದ ಅಂತರ. ಒಂದು ಪಾರಸಿಯದು, ನೆಲ ಎಂದು ಅರ್ಥ. ಇನ್ನೊಂದು ಅರಬ್ಬಿಯದು, ಹೊಣೆ ನಿಲ್ಲುವವನು ಎಂದು ಅರ್ಥ. ಬೇರು ಬೇರೆ, ಬರೆಯುವ ಅಕ್ಷರವೂ ಬೇರೆ. ಆದರೆ ನಮ್ಮ ಕಚೇರಿಗಳಲ್ಲಿ ಅವೆರಡೂ ಒಂದೇ ಆಗಿಬಿಟ್ಟಿವೆ. ಜಮೀನು ಇದ್ದವನಿಗೆ ಅದೇ ಜಾಮೀನು. ಇಲ್ಲದವನು ಮನುಷ್ಯರ ಜಾಮೀನು ಹುಡುಕಿಕೊಂಡು ಹೋಗಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೆಲದಲ್ಲಿ ಬೇರುಬಿಟ್ಟ ಮರ, ನೆಲದಲ್ಲಿ ಹುಗಿದು ನಿಂತ ಗೋಡೆ ಎರಡೂ ಭೂಮಿಗೆ ಅಂಟಿಕೊಂಡವು; ಭೂಮಿಯ ಜೊತೆಗೇ ಕೈ ಬದಲಾಗುವಂಥವು. ತೋಟವನ್ನು ಅಡವಿಟ್ಟರೆ ಮರಗಿಡದ ಜೊತೆಗೆ ಲೈನೂ ಅಡವಿಗೆ ಹೋಗುತ್ತದೆ. ಲೈನಿನೊಳಗೆ ಒಲೆ ಹಚ್ಚುವವಳಿಗೆ ಅದು ತಿಳಿಯುವುದೂ ಇಲ್ಲ.

ಆಕೆಗೆ ಸಾಲ ಬೇಕಾದಾಗ ಸಿಗುವುದು ಗುಂಪಿನ ಸಾಲ. ಹತ್ತು ಹೆಂಗಸರು ಒಬ್ಬರಿಗೊಬ್ಬರು ಹೊಣೆ. ಕಂತು ತಪ್ಪಿದರೆ ಮನೆ ಬಾಗಿಲಿಗೆ ಬಂದು ಕೂರುವ ವಸೂಲಿಗಾರರ ಕಾಟ ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಮೇಸ್ತ್ರಿಯ ಮುಂಗಡದಿಂದ ಗುಂಪಿನ ಸಾಲದ ತನಕ ನೂರೈವತ್ತು ವರ್ಷ ಕಳೆದರೂ ಒತ್ತೆ ಬದಲಾಗಿಲ್ಲ: ಮಾನ ಮತ್ತು ಮೈ.

ಸಾಲ ಬೇಡ, ಸರ್ಕಾರದ ಮನೆಯಾದರೂ ಸಿಗಲಿ ಎನ್ನೋಣ. ಇಲ್ಲಿ ಮಂಗಳೂರು ಹೆಂಚು ಮತ್ತೆ ಅಡ್ಡ ಬರುತ್ತದೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಮನೆಗಳನ್ನು ಕಚ್ಚಾ, ಪಕ್ಕಾ ಎಂದು ವಿಂಗಡಿಸಲಾಯಿತು. ಸೂರಿನ ಹೆಂಚು ಕೈಯಿಂದ ಮಾಡಿದ್ದಾದರೆ ಕಚ್ಚಾ. ಯಂತ್ರದಿಂದ ಮಾಡಿದ್ದಾದರೆ ಪಕ್ಕಾ. ಕಬ್ಬಿಣದ ತಗಡು, ಸಿಮೆಂಟ್ ಶೀಟು ಹೊದಿಸಿದ್ದರೂ ಪಕ್ಕಾ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆ ಇದೇ ಗಣತಿಯ ಆಧಾರದಲ್ಲಿ ಮನೆಯೇ ಇಲ್ಲದವರನ್ನೂ, ಎರಡು ಕೋಣೆಯೊಳಗಿನ ಕಚ್ಚಾ ಮನೆಯವರನ್ನೂ ಮೊದಲು ಆರಿಸಿತು. ನಿಯಮವನ್ನು ಅಕ್ಷರಶಃ ಓದಿದರೆ, ಲೈನಿನ ಕಾರ್ಖಾನೆ ಹೆಂಚಿನ ಕೆಳಗೆ ಮಲಗುವವನು ‘ಪಕ್ಕಾ ಮನೆಯವನು’. ಮನೆ ಅವನದಲ್ಲ, ಆದರೆ ಮನೆಯಿದ್ದವರ ಲೆಕ್ಕಕ್ಕೆ ಅವನು ಸೇರುತ್ತಾನೆ. ಹೆಂಚು ಯಾವುದು ಎಂದು ಕೇಳಿದ ನಿಯಮ, ಹೆಂಚು ಯಾರದು ಎಂದು ಕೇಳಲಿಲ್ಲ. ಬಿಟ್ಟುಹೋದವರನ್ನು ಹುಡುಕಲು 2018ರಲ್ಲಿ ‘ಆವಾಸ್ ಪ್ಲಸ್’ ಸಮೀಕ್ಷೆ ನಡೆಸಬೇಕಾಯಿತು.

ಇಂಥ ಪ್ರಶ್ನೆಯನ್ನು ಕೇಳಿದ ದೇಶವೊಂದಿದೆ. ಅಲ್ಲಿನ ಅನುಭವದಿಂದ ನಾವು ಕಲಿಯುವುದಿದೆ. ಅಮೆರಿಕದಲ್ಲಿ ಕರಿಯರ ಬಡಾವಣೆಗಳಿಗೆ ಬ್ಯಾಂಕುಗಳು ಮನೆ ಸಾಲ ಕೊಡುವುದಿಲ್ಲ ಎಂಬ ದೂರು ಬಲವಾದಾಗ, 1975ರಲ್ಲಿ ಮನೆ ಅಡಮಾನ ಸಾಲಗಳ ಬಹಿರಂಗಪಡಿಸುವಿಕೆ ಕಾಯ್ದೆ ಬಂತು. ಬ್ಯಾಂಕುಗಳು ಎಲ್ಲಿ ಸಾಲ ಕೊಟ್ಟವು ಎಂಬುದನ್ನು ವರದಿ ಮಾಡಬೇಕಾಯಿತು. ಮುಂದೆ ಯಾರ ಅರ್ಜಿ ತಿರಸ್ಕರಿಸಿದವು ಎಂಬುದನ್ನೂ ಸೇರಿಸಲಾಯಿತು. ಅಲ್ಲಿ ಕಾರ್ಖಾನೆಯಲ್ಲಿ ಪೂರ್ತಿ ತಯಾರಾಗಿ, ಕಬ್ಬಿಣದ ಚಾಸಿಯ ಮೇಲೆ ಕೂತು, ರಸ್ತೆಯಲ್ಲಿ ಎಳೆದು ತರುವ ಮನೆಗಳು ಲಕ್ಷಗಟ್ಟಲೆ ಇವೆ. ಬಡವರ, ವೃದ್ಧರ ಮನೆಗಳು ಅವು. 1976ರ ಜೂನ್ 15ರಿಂದ ಇವಕ್ಕೆ ಕೇಂದ್ರ ಸರ್ಕಾರದ ಪ್ರತ್ಯೇಕ ಗುಣಮಟ್ಟ ನಿಯಮವಿದೆ. ಕಾರ್ಖಾನೆಯಲ್ಲೇ ತುಂಡುಗಳಾಗಿ ತಯಾರಾಗಿ, ಸ್ಥಳೀಯ ಕಟ್ಟಡ ನಿಯಮಕ್ಕೆ ತಕ್ಕಂತೆ ಜೋಡಿಸುವ ಮನೆಗಳು ಬೇರೆ. ಅವನ್ನು ಸಾಲದ ವರದಿಯಲ್ಲಿ ‘ಸ್ಥಳದಲ್ಲೇ ಕಟ್ಟಿದ ಮನೆ’ ಎಂದೇ ಬರೆಯಬೇಕು. ಎರಡೂ ಹುಟ್ಟುವುದು ಕಾರ್ಖಾನೆಯಲ್ಲೇ. ವಿಂಗಡಣೆ ಮಾಡಿದ್ದು ಹುಟ್ಟಿದ ಜಾಗವಲ್ಲ, ಯಾವ ಕಾನೂನಿನಡಿ ಹುಟ್ಟಿತು ಎಂಬುದು.

ಇದಕ್ಕಿಂತ ಮುಖ್ಯವಾದದ್ದು 2018ರ ಜನವರಿಯಿಂದ ಸೇರಿದ ಪ್ರಶ್ನೆಗಳು. ಎಳೆದು ತರುವ ಮನೆಗೆ ಸಾಲ ಕೊಟ್ಟರೆ ಬ್ಯಾಂಕು ಎರಡು ಸಂಗತಿ ಬರೆಯಬೇಕು. ಒಂದು, ಒತ್ತೆಯಾಗಿ ಬಂದದ್ದು ಮನೆ ಮತ್ತು ನೆಲವೋ, ನೆಲವಿಲ್ಲದ ಮನೆ ಮಾತ್ರವೋ? ಎರಡು, ಆ ನೆಲದ ಮೇಲೆ ಸಾಲಗಾರನಿಗೆ ಯಾವ ಹಕ್ಕಿದೆ? ಉತ್ತರ ನಾಲ್ಕರಲ್ಲಿ ಒಂದಾಗಬೇಕು: ಸ್ವಂತ; ಸಹಕಾರ ಸಂಘದ ಸದಸ್ಯನಂತೆ ಪರೋಕ್ಷವಾಗಿ ಸ್ವಂತ; ಬಾಡಿಗೆ ಕೊಟ್ಟು ಪಡೆದದ್ದು; ಬಾಡಿಗೆಯಿಲ್ಲದೆ ಪಡೆದದ್ದು. ನೆಲವಿಲ್ಲದ ಮನೆಗೆ ಸಾಲ ಪಡೆದವನು ಹೆಚ್ಚು ಬಡ್ಡಿ ಕಟ್ಟುತ್ತಾನೆ, ಅವನಿಗೆ ಕಾನೂನಿನ ರಕ್ಷಣೆಯೂ ಕಡಿಮೆ ಎಂಬುದು ಅಲ್ಲಿ ಗೊತ್ತಿದ್ದ ವಿಷಯ. ಎಷ್ಟು ಜನ, ಎಲ್ಲಿ, ಯಾರು ಎಂದು ಎಣಿಸಲು ಕಾಲಮು ಬೇಕಿತ್ತು, ಅದನ್ನು ಇಟ್ಟರು. ಕಾಲಮು ಇಟ್ಟ ಮಾತ್ರಕ್ಕೆ ಅಲ್ಲಿನ ಬಡವನಿಗೆ ನೆಲ ಸಿಕ್ಕಿಬಿಡಲಿಲ್ಲ. ಆದರೆ ಅವನಿಗೆ ನೆಲವಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ನಮ್ಮ ಕಾಫಿ ನಾಡಿನಲ್ಲಿ ವರ್ಗೀಕರಣದ ಜಗಳ ಈಗ ಮೇಲಿನವರ ಮನೆಗೂ ಬಂದಿದೆ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕುಗಳು ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಆದರೆ ಅದರ 31ನೇ ಕಲಂ ಕೃಷಿ ಭೂಮಿಗೆ ವಿನಾಯಿತಿ ಕೊಡುತ್ತದೆ. ಹಾಗಾದರೆ ಕಾಫಿ ತೋಟ ಕೃಷಿ ಭೂಮಿಯೋ, ಪ್ಲಾಂಟೇಶನ್ ಎಂಬ ಬೇರೆಯೇ ವರ್ಗವೋ? ತೋಟಗಳಿಗೆ ಹರಾಜು ನೋಟಿಸು ಬಂದಾಗ ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಗಾರರು ಬೀದಿಗಿಳಿದರು. ತಮ್ಮನ್ನು ಈ ಕಾಯ್ದೆಯಿಂದ ಹೊರಗಿಡಿ ಎಂದು ಕೇಂದ್ರವನ್ನು ಒತ್ತಾಯಿಸಿದರು. ಬೆಲೆ ಕುಸಿತ, ಅಕಾಲ ಮಳೆ, ಬಿಳಿ ಕಾಂಡಕೊರಕದಿಂದ ಸೋತ ಸಣ್ಣ ಬೆಳೆಗಾರನ ನೋವು ನಿಜವಾದದ್ದೇ. ಆದರೆ ಒಂದು ವಿಪರ್ಯಾಸವನ್ನು ಗಮನಿಸದಿರಲು ಆಗುವುದಿಲ್ಲ. ಭೂಮಿತಿಯ ಪ್ರಶ್ನೆ ಬಂದಾಗ ಪ್ಲಾಂಟೇಶನ್ ಎಂಬ ಹೆಸರು ಕಾಪಾಡಿತು. ಸಾಲ ವಸೂಲಿಯ ಪ್ರಶ್ನೆ ಬಂದಾಗ ಅದೇ ಹೆಸರು ಕುತ್ತಿಗೆಗೆ ಬಂತು. ಹೆಸರಿನ ಆಟದಲ್ಲಿ ಇಂದು ಗೆದ್ದವನು ನಾಳೆ ಸೋಲುತ್ತಾನೆ ಎಂಬುದನ್ನು ಬೆಳೆಗಾರನೂ ಕಲಿತ. ಇನ್ನು ಲೈನಿನವನ ಮಟ್ಟಿಗೆ, ತೋಟ ಹರಾಜಾದರೂ ಉಳಿದರೂ ಅವನ ಸೂರು ಬೇರೆಯವರ ಕಾಗದದಲ್ಲೇ ಇರುತ್ತದೆ.

2025ರ ನವೆಂಬರ್ 21ರಿಂದ 1951ರ ಕಾಯ್ದೆ ಇಲ್ಲವಾಗಿದೆ. ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ತೋಟದ ಕಾರ್ಮಿಕರಿಗೆ ಕುಡಿಯುವ ನೀರು, ಅಡುಗೆಮನೆ, ಶೌಚಾಲಯ ಇರುವ ವಸತಿ ಕೊಡಬೇಕೆಂಬ ಮಾತು ಅದರಲ್ಲೂ ಇದೆ. ಕೊಡುವ ಮನೆ ಹಾಗೆಯೇ ಇದೆ. ಪಡೆಯುವವನ ಹಕ್ಕೂ ಹಾಗೆಯೇ ಇದೆ. ಲೈನಿನಲ್ಲಿರುವ ಜನ ಮಾತ್ರ ಬದಲಾಗಿದ್ದಾರೆ. ಹಳಬರ ಮಕ್ಕಳು ಪೇಟೆಗೆ ಹೋದರು. ಖಾಲಿಯಾದ ಕೋಣೆಗಳಿಗೆ ಅಸ್ಸಾಮಿನಿಂದ ಬಂದ ಸಂಸಾರಗಳು ಸೇರಿವೆ. ಇವರ ಮೇಲೆ ಅನುಮಾನದ ಕಣ್ಣು ಬಿದ್ದಾಗ ಮೊದಲು ಕೇಳುವ ಪ್ರಶ್ನೆ ‘ನಿಮ್ಮ ಮನೆ ಎಲ್ಲಿ?’ ಎಂಬುದೇ. ಆರು ತಿಂಗಳು ಲೈನು, ಆರು ತಿಂಗಳು ಬ್ರಹ್ಮಪುತ್ರಾ ಕೊರೆಯುತ್ತಿರುವ ದಂಡೆ. ಎರಡರಲ್ಲಿ ಯಾವುದನ್ನು ಹೇಳಬೇಕು?

ಇಷ್ಟನ್ನೂ ಹೇಳಿದ್ದು ತೋಟಗಳನ್ನು ಒಡೆದು ಹಂಚಿ ಎನ್ನಲು ಅಲ್ಲ. ಕೇಳುವುದು ಸಣ್ಣದು. ಮನೆಯ ಬಗ್ಗೆ ನಡೆಯುವ ಪ್ರತಿಯೊಂದು ಸಮೀಕ್ಷೆಯಲ್ಲೂ, ಸಾಲದ ಪ್ರತಿಯೊಂದು ಅರ್ಜಿಯಲ್ಲೂ, ಗೋಡೆ ಯಾವುದರದು, ಸೂರು ಯಾವುದರದು ಎಂದು ಕೇಳುವ ಜಾಗದ ಪಕ್ಕದಲ್ಲೇ ಇನ್ನೂ ಮೂರು ಪ್ರಶ್ನೆಗಳಿರಲಿ. ನೆಲ ಯಾರದು? ವಾಸಿಸುವವರಿಗೆ ಅದರ ಮೇಲೆ ಏನು ಹಕ್ಕು? ಕೆಲಸ ನಿಂತ ಮರುದಿನ ಅವರು ಎಲ್ಲಿರುತ್ತಾರೆ? ಮೂರನೆಯದಕ್ಕೆ ‘ಗೊತ್ತಿಲ್ಲ’ ಎಂದು ಉತ್ತರಿಸುವವರನ್ನು, ಅವರ ತಲೆಯ ಮೇಲೆ ಎಂಥ ಹೆಂಚಿದ್ದರೂ, ಮನೆಯಿಲ್ಲದವರ ಪಟ್ಟಿಗೆ ಸೇರಿಸಲಿ. ಮೂವತ್ತು ವರ್ಷ ತೋಟದಲ್ಲಿ ದುಡಿದವರಿಗೆ ನಿವೃತ್ತಿಯ ಮೊದಲೇ ಪಂಚಾಯಿತಿ ವ್ಯಾಪ್ತಿಯಲ್ಲಿ ನಿವೇಶನವೊಂದು ಅವರ ಹೆಸರಿಗಿರಲಿ. ಒಬ್ಬೊಬ್ಬರಿಗೆ ಕೊಡಲು ಜಾಗ ಸಾಲದಿದ್ದರೆ ಸಹಕಾರ ಸಂಘದ ಹೆಸರಿನಲ್ಲಾದರೂ ಇರಲಿ. ಆಮೇಲೆ ಅದರ ಮೇಲೆ ಕಲ್ಲಿನ ಮನೆ ಬರಲಿ, ಕಾರ್ಖಾನೆಯಿ��ದ ಲಾರಿಯಲ್ಲಿ ಬಂದ ಮನೆ ಬರಲಿ, ಅಡ್ಡಿಯಿಲ್ಲ. ಮಾಲೀಕನ ಕಾಲಮಿನಲ್ಲಿ ಅಲ್ಲಿ ಮಲಗುವವರ ಹೆಸರು ಇದ್ದರೆ ಸಾಕು.